ಮದೀನಾದ ಕಪ್ಪು ಕಲ್ಲು, ಕಿಲ್ಲಾರಿಯ ಕಲ್ಲುಗೋಡೆ

ಉಮ್ರಾ ಮುಗಿಸಿ ಬಂದ ನಮ್ಮ ಮೊಹಲ್ಲಾದ ಹಾಜಿ ಸಾಹೇಬರೊಬ್ಬರು ಕಳೆದ ತಿಂಗಳು ಜುಮಾ ನಮಾಜಿನ ನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಹಜರತ್, ಮದೀನಾದ ಹೊರಗೆ ಬಸ್ಸಿನಲ್ಲಿ ಹೋಗುವಾಗ ನೋಡಿದೆ, ನೆಲವೆಲ್ಲ ಸುಟ್ಟ ಹಾಗೆ ಕಪ್ಪು ಕಲ್ಲು. ಯಾಕೆ ಹಾಗೆ?" ಅದಕ್ಕೆ ಉತ್ತರ ಹೇಳುತ್ತಾ ಹೋಗಿ ಮುಂದಿನ ಶುಕ್ರವಾರದ ಬಯಾನ್ ಪೂರ್ತಿ ಅದೇ ವಿಷಯವಾಯಿತು. ಮಸೀದಿಗೆ ಬರಲಾಗದ ತಾಯಂದಿರೂ ಸಹೋದರಿಯರೂ ಓದಲೆಂದು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಆ ಕಲ್ಲು ಕರಗಿ ಹರಿದು ಆರಿದ ಕಲ್ಲು. ಅಂಥ ನೆಲವನ್ನು ಅರಬಿಯಲ್ಲಿ 'ಹರ್ರಾ' ಎನ್ನುತ್ತಾರೆ. ಹಿಜರಿ 654ರಲ್ಲಿ, ಅಂದರೆ ಕ್ರಿ.ಶ. 1256ರಲ್ಲಿ, ಮದೀನಾದಲ್ಲಿ ಕೆಲವು ದಿನ ನೆಲ ನಡುಗಿತು. ಆಮೇಲೆ ಪಟ್ಟಣದ ಹೊರಗೆ ಭೂಮಿ ಬಿರಿದು ಲಾವಾ ಹೊಳೆಯಂತೆ ಹರಿಯತೊಡಗಿತು. ವಾರಗಟ್ಟಲೆ ಹರಿದು, ಊರು ಮುಟ್ಟುವ ಮೊದಲೇ ನಿಂತಿತು. ಮದೀನಾದಿಂದ ಬಂದ ಪತ್ರಗಳನ್ನು ಆಧರಿಸಿ ದಮಾಸ್ಕಸ್‌ನ ಇತಿಹಾಸಕಾರ ಅಬೂ ಶಾಮಾ ಇದನ್ನು ದಾಖಲಿಸಿದ್ದಾರೆ. ಈ ಕಲ್ಲು ನಮಗೇನೂ ಹೊಸದಲ್ಲ. ಬಿಜಾಪುರದ ಗೋಲ್ ಗುಂಬಜ್ ಕಟ್ಟಿರುವುದು ಇದೇ ಜಾತಿಯ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೂ ಇಂಥ ಲಾವಾ ಹರಿದಿತ್ತು. ನಮ್ಮ ಹೊಲಗಳ ಎರೆಮಣ್ಣು ಆ ಕಲ್ಲು ಸವೆದು ಆದದ್ದು.

ಹಾಗಾದರೆ ನಮ್ಮ ಕಾಲ ಕೆಳಗೆಲ್ಲ ಕರಗಿದ ಬೆಂಕಿಯೇ ಇದೆಯೇ? ಬಿ.ಎ. ಓದುವಾಗ ಪುಸ್ತಕದ ಚಿತ್ರದಲ್ಲಿ ಒಳಗೆಲ್ಲ ಕೆಂಪು ಬಣ್ಣ ಬಳಿದಿದ್ದನ್ನು ನೋಡಿ ನಾನೂ ಹಾಗೆಯೇ ನಂಬಿದ್ದೆ. ಅದು ತಪ್ಪು. ನಾವು ನಿಂತಿರುವ ಭೂಕವಚ ಖಂಡಗಳ ಕೆಳಗೆ 30ರಿಂದ 40 ಕಿಲೋಮೀಟರ್ ದಪ್ಪ, ಸಮುದ್ರದ ತಳದಲ್ಲಿ ಬರೀ ಏಳೆಂಟು. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್. ಅದು ಬಿಸಿಯಾದರೂ ಗಟ್ಟಿ ಬಂಡೆಯೇ. ಆದರೆ ರಸ್ತೆ ಬದಿಯಲ್ಲಿ ಉರುಳಿಬಿದ್ದ ಡಾಂಬರಿನ ಡ್ರಮ್ಮನ್ನು ನೆನಪಿಸಿಕೊಳ್ಳಿ. ಸುತ್ತಿಗೆಯಿಂದ ಹೊಡೆದರೆ ಡಾಂಬರು ಕಲ್ಲಿನಂತೆ ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ದಿನಗಳೆದಂತೆ ತಾನೇ ಹರಿದುಬರುತ್ತದೆ. ಮ್ಯಾಂಟಲ್ ಹರಿಯುವುದೂ ಹಾಗೆ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ. ಅದರೊಳಗೆ ಕಬ್ಬಿಣದ ಕೇಂದ್ರಗೋಳ: ಹೊರಭಾಗ ದ್ರವ, ನಟ್ಟನಡುವೆ ಮತ್ತೆ ಗಟ್ಟಿ.

ಯಾರು ಹೋಗಿ ನೋಡಿಬಂದರು ಎಂದು ಹುಡುಗರು ಕೇಳುತ್ತಾರೆ. ಯಾರೂ ಹೋಗಿಲ್ಲ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದು ತಲುಪಿದ್ದು 12 ಕಿಲೋಮೀಟರ್ ಚಿಲ್ಲರೆ. ಕೇಂದ್ರಕ್ಕೆ ಇರುವ ದೂರ 6,371. ಆದರೆ ಸಂತೆಯಲ್ಲಿ ಕಲ್ಲಂಗಡಿಯನ್ನು ತಟ್ಟಿ ನೋಡಿ ಒಳಗೆ ಹೇಗಿದೆ ಎಂದು ಹೇಳುವವರಿಲ್ಲವೇ? ಭೂಕಂಪವೂ ಭೂಮಿಯನ್ನು ತಟ್ಟುತ್ತದೆ. ಆ ಅಲೆಗಳಲ್ಲಿ ಒಂದು ಬಗೆಯದು ದ್ರವದಲ್ಲಿ ಸಾಗುವುದಿಲ್ಲ. ಯಾವ ಅಲೆ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪಿತು ಎಂದು ಲೆಕ್ಕ ಹಾಕಿಯೇ ಒಳಗಿನ ಪದರಗಳನ್ನು ಗುರುತಿಸಿದ್ದು. ಹೀಗೆ ಕೇಂದ್ರಗೋಳವಿದೆ ಎಂದು 1906ರಲ್ಲಿ ತೋರಿಸಿದ ಓಲ್ಡ್‌ಹ್ಯಾಮ್, ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದು 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ್ದವರು.

ಭೂಕವಚವೂ ಅದಕ್ಕಂಟಿದ ಮ್ಯಾಂಟಲಿನ ಮೇಲ್ಭಾಗವೂ ಸೇರಿ ಆದ ಹೊರಚಿಪ್ಪು ಒಂದೇ ತುಂಡಲ್ಲ, ಹಲವು ಭೂಫಲಕಗಳು. ನಮ್ಮದು ಭಾರತ ಫಲಕ. ಹಾಜಿ ಸಾಹೇಬರು ಜಿದ್ದಾಕ್ಕೆ ಹಾರಿದ ವಿಮಾನ ಸಮುದ್ರದ ಮೇಲೆಲ್ಲೋ ಅದರ ಗಡಿ ದಾಟಿ ಅರೇಬಿಯಾ ಫಲಕಕ್ಕೆ ಹೋಯಿತು. ಅರೇಬಿಯಾ ಹಿಂದೆ ಆಫ್ರಿಕಾಕ್ಕೆ ಅಂಟಿಕೊಂಡಿತ್ತು. ಬೇರ್ಪಟ್ಟಾಗ ನಡುವೆ ಬಿದ್ದ ಬಿರುಕೇ ಕೆಂಪು ಸಮುದ್ರ. ಈಗಲೂ ವರ್ಷಕ್ಕೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲವಾಗುತ್ತಿದೆ. ಆ ಬದಿಯಲ್ಲಿ ಕೆಳಗಿನಿಂದ ಬಿಸಿ ಬಂಡೆ ಮೇಲೇರುತ್ತಾ, ಒತ್ತಡ ಕಡಿಮೆಯಾದಂತೆ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಮದೀನಾದ ಹರ್ರಾಗಳಿಗೆ ಲಾವಾ ಬಂದದ್ದು ಹಾಗೆ.

ಒಂದು ಕಡೆ ದೂರವಾದದ್ದು ಇನ್ನೊಂದು ಕಡೆ ಒತ್ತಲೇಬೇಕು. ಅರೇಬಿಯಾ ಫಲಕ ಉತ್ತರಕ್ಕೆ ಸರಿದು ಯುರೇಷ್ಯಾವನ್ನು ಒತ್ತುತ್ತದೆ. ನಡುವೆ ಸಿಕ್ಕ ಟರ್ಕಿಯ ನೆಲ, ಎರಡು ಬೆರಳ ನಡುವೆ ಒತ್ತಿದ ಹುಣಸೆ ಬೀಜದಂತೆ ಪಶ್ಚಿಮಕ್ಕೆ ಜಾರುತ್ತದೆ. ಜಾರುವ ಅಂಚು ನುಣುಪಾಗಿಲ್ಲ. ಬಂಡೆ ಬಂಡೆಗೆ ಕಚ್ಚಿಕೊಂಡು ನೂರಾರು ವರ್ಷ ಬಿಗಿಯುತ್ತಲೇ ಇದ್ದು, ಒಮ್ಮೆಲೇ ಕಳಚುತ್ತದೆ. 2023ರ ಫೆಬ್ರವರಿ 6ರ ನಸುಕಿನಲ್ಲಿ 7.8 ತೀವ್ರತೆಯಲ್ಲಿ ಹಾಗೆ ಕಳಚಿತು. ಮಧ್ಯಾಹ್ನ ಇನ್ನೊಂದು. ಟರ್ಕಿ ಮತ್ತು ಸಿರಿಯಾದಲ್ಲಿ 50,000ಕ್ಕೂ ಹೆಚ್ಚು ಜನ ತೀರಿಕೊಂಡರು.

ಆಗ ಮೊಬೈಲಿನಲ್ಲಿ ಕೆಲವರು ಇದು ಅಲ್ಲಿಯವರ ಪಾಪಕ್ಕೆ ಶಿಕ್ಷೆ ಎಂದು ಹಂಚಿದರು. ನನಗೆ ಬೇಸರವಾಯಿತು. ಕಟ್ಟಡ ಕುಸಿದು ಸತ್ತವರನ್ನು ಶಹೀದರ ಸಾಲಿನಲ್ಲಿ ಎಣಿಸಿದ ದೀನ್ ನಮ್ಮದು. ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಪಾಪ ಹುಡುಕಲು ನಾವು ಯಾರು? ವಿಚಾರಿಸಬೇಕಾದದ್ದು ಬೇರೆಯೇ ಇತ್ತು. 1999ರ ಭೂಕಂಪದ ಬಳಿಕ ಅಲ್ಲಿ ಕಟ್ಟಡದ ನಿಯಮಗಳು ಬಿಗಿಯಾಗಿದ್ದವು, ಪಾಲಿಸಿದವರು ಕಡಿಮೆ. ಮೇಲಾಗಿ 2018ರಲ್ಲಿ, ನಿಯಮ ಮೀರಿದ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡಲಾಗಿತ್ತು.

ನಾವು ಫಲಕದ ಅಂಚಿನಲ್ಲಿಲ್ಲ, ನಮಗೇನು ಭಯ ಎನ್ನುವವರಿದ್ದಾರೆ. ಲಾತೂರ್ ಜಿಲ್ಲೆಯ ಕಿಲ್ಲಾರಿಯೂ ಅಂಚಿನಲ್ಲಿರಲಿಲ್ಲ. ನಮ್ಮ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಬಳಿ ತಡೆ ಎದುರಿಸುವುದರಿಂದ, ಆ ಒತ್ತಡ ಒಳನಾಡಿನ ಹಳೆಯ ಬಿರುಕುಗಳವರೆಗೂ ಬರುತ್ತದೆ. 1993ರ ಸೆಪ್ಟೆಂಬರ್ 30ರಂದು ಫಜ್ರ್‌ಗೆ ಮೊದಲೇ ಅಲ್ಲಿ ನೆಲ ನಡುಗಿತು. ಬೀದರ್ ಕಡೆಯ ಮದ್ರಸದಲ್ಲಿ ಓದುತ್ತಿದ್ದ ನಾವು ಹುಡುಗರು ಕಂಬಳಿ ಹೊದ್ದೇ ಅಂಗಳಕ್ಕೆ ಓಡಿದ್ದೆವು. ಅದರ ತೀವ್ರತೆ 6.2ರ ಆಸುಪಾಸು. ಟರ್ಕಿಯದಕ್ಕೆ ಅದರ ಸುಮಾರು 250 ಪಟ್ಟು ಶಕ್ತಿ. ಆದರೂ ಕಿಲ್ಲಾರಿ ಸುತ್ತಮುತ್ತ ಹತ್ತು ಸಾವಿರದಷ್ಟು ಜನ ಸತ್ತರು. ಮಣ್ಣಿನ ಗಾರೆಯಲ್ಲಿ ದುಂಡುಕಲ್ಲು ಜೋಡಿಸಿದ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆ ಸೀಳಿತು, ಮಾಳಿಗೆ ಮಲಗಿದವರ ಮೇಲೆ ಬಿತ್ತು.

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ನಮ್ಮ ಮದ್ರಸದ ಹಳೆಯ ಕಟ್ಟಡವೂ ಅಂಥದೇ. ಅದರ ಮೇಲೆ ಇನ್ನೊಂದು ಮಹಡಿ ಏರಿಸಲು ಚಂದಾ ಎತ್ತುವುದೆಂದು ಕಮಿಟಿ ತೀರ್ಮಾನಿಸಿತ್ತು. ಬಯಾನ್ ಆದ ಮೇಲೆ ಕಮಿಟಿಯವರೇ ಎಂಜಿನಿಯರರನ್ನು ಕರೆಸಿದರು. ಅವರು ಗೋಡೆ ತಟ್ಟಿ ನೋಡಿ, ಮಹಡಿಯ ಮಾತು ಬಿಡಿ, ಈಗಿರುವ ಮಾಳಿಗೆಯ ಮಣ್ಣನ್ನೇ ಇಳಿಸಿ, ಗೋಡೆಗಳನ್ನು ಸುತ್ತಲೂ ಕಾಂಕ್ರೀಟ್ ಪಟ್ಟಿಯಿಂದ ಬಿಗಿಯಿರಿ ಎಂದರು. ಖರ್ಚು ಕೇಳಿ ಕೆಲವರ ಮುಖ ಸಪ್ಪಗಾಯಿತು. ಚರ್ಚೆ ಇನ್ನೂ ನಡೆದಿದೆ. ಸದ್ಯಕ್ಕೆ ಮಕ್ಕಳ ಸಬಕ್ ಮಸೀದಿಯ ತಗಡಿನ ಶೆಡ್ಡಿನ ಕೆಳಗೆ.