ಕಾಡುಗೆಣಸು: ಮಳೆಗಾಲದಲ್ಲಿ ಗುರುತಿಸಿ, ಬೇಸಿಗೆಯಲ್ಲಿ ಅಗೆಯಿರಿ

ಕುಂದಾಪುರ ತಾಲ್ಲೂಕಿನ ಶಂಕರನಾರಾಯಣದಂತಹ ಘಟ್ಟದ ತಪ್ಪಲಿನ ಊರುಗಳ ಹಾಡಿ, ಹಕ್ಕಲುಗಳಲ್ಲಿ ಮೊದಲ ಮಳೆಗೆ ಕಾಡುಗೆಣಸಿನ ಬಳ್ಳಿಗಳು ಚಿಗುರಿ ಮರಗಳಿಗೆ ಹಬ್ಬುತ್ತವೆ. ಅಕ್ಕಿ ಸಾಲದ ಕಾಲದಲ್ಲಿ ಇವುಗಳ ಗೆಡ್ಡೆ ಬಡವರ ಹೊಟ್ಟೆ ತುಂಬಿಸಿದೆ. ಆದರೆ ಈ ಜಾತಿಯಲ್ಲಿ ತಿನ್ನಬಹುದಾದ ಬಳ್ಳಿಗಳಿರುವಂತೆ ವಿಷದ ಬಳ್ಳಿಯೂ ಇದೆ. ಗೆಡ್ಡೆ ಬಲಿತು ಅಗೆಯುವ ಹೊತ್ತಿಗೆ ಎಲೆ ಉದುರಿರುವುದರಿಂದ ತಪ್ಪಾಗುವ ಸಂಭವ ಹೆಚ್ಚು.

ಗುರುತಿಸುವ ಕ್ರಮ

ಹೆಸರು ಊರಿಂದೂರಿಗೆ ಬದಲಾಗುವುದರಿಂದ ಲಕ್ಷಣಗಳನ್ನೇ ನೋಡಬೇಕು.

1. ಐದೆಲೆಯ ಗೆಣಸು (ಡಯಾಸ್ಕೋರಿಯ ಪೆಂಟಾಫಿಲ್ಲ): ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಕಿರುಎಲೆಗಳು. ಎಲೆಯ ಕಂಕುಳಲ್ಲಿ ಪುಟ್ಟ ಗೆಡ್ಡೆಗಳು ಬಿಡುತ್ತವೆ. ನೆಲದಡಿಯ ಗೆಡ್ಡೆಯನ್ನು ಬೇಯಿಸಿ ತಿನ್ನಬಹುದು.

2. ಮೂರೆಲೆಯ ಗೆಣಸು (ಡಯಾಸ್ಕೋರಿಯ ಹಿಸ್ಪಿಡ): ತೊಟ್ಟಿಗೆ ಮೂರೇ ಕಿರುಎಲೆಗಳು. ಬಳ್ಳಿಯಲ್ಲಿ ಮುಳ್ಳು ಉಂಟು, ಕಂಕುಳಲ್ಲಿ ಗೆಡ್ಡೆ ಇಲ್ಲ. ನೆಲದ ಮೇಲ್ಪದರದಲ್ಲೇ ಬೆಳೆಯುವ ದಪ್ಪ ಗೆಡ್ಡೆಯ ಮೈತುಂಬ ಬೇರುಗಳಿರುತ್ತವೆ. ಇದರಲ್ಲಿ ಡಯಾಸ್ಕೋರಿನ್ ಎಂಬ ನರಗಳಿಗೆ ತಗಲುವ ವಿಷವಿದ್ದು, ಬರಿದೇ ಬೇಯಿಸಿದರೆ ಹೋಗುವುದಿಲ್ಲ.

3. ಹೃದಯಾಕಾರದ ಒಂಟಿ ಎಲೆಯ ಗೆಣಸು (ಡಯಾಸ್ಕೋರಿಯ ಬಲ್ಬಿಫೆರ): ಕಂಕುಳಲ್ಲಿ ದೊಡ್ಡ ಗೆಡ್ಡೆಗಳು. ಕಾಡಿನವು ಸಾಮಾನ್ಯವಾಗಿ ಕಹಿ, ಕಹಿಯಾದುದನ್ನು ತಿನ್ನಬಾರದು.

ಐದೆಲೆಯ ಬಳ್ಳಿಯ ತುದಿಯಲ್ಲೂ ಕೆಲವೊಮ್ಮೆ ಮೂರೇ ಕಿರುಎಲೆಗಳು ಇರುವುದುಂಟು. ಆದ್ದರಿಂದ ಒಂದೆರಡು ಎಲೆ ನೋಡಿ ತೀರ್ಮಾನಿಸದೆ, ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಪರೀಕ್ಷಿಸಬೇಕು. ಸಂಶಯವಿದ್ದರೆ ಆ ಬಳ್ಳಿಯನ್ನು ಬಿಟ್ಟುಬಿಡಬೇಕು.

ಗೂಟ ನೆಡಿ

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಎಲೆ ಹಸಿರಾಗಿರುವಾಗಲೇ, ಖಚಿತವಾಗಿ ಗುರುತಿಸಿದ ಬಳ್ಳಿಯ ಬುಡಕ್ಕೆ ಗೂಟ ನೆಡಬೇಕು. ಬಳ್ಳಿ ಒಣಗಿದ ಮೇಲೆ ಗೂಟವಿದ್ದಲ್ಲಿ ಮಾತ್ರ ಅಗೆಯಬೇಕು. ಗೆಡ್ಡೆಯ ತಲೆಭಾಗವನ್ನು ಕತ್ತರಿಸಿ ಅದೇ ಗುಂಡಿಯಲ್ಲಿಟ್ಟು, ತರಗೆಲೆ ಮತ್ತು ಸಡಿಲ ಮಣ್ಣು ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಪೂರ್ತಿ ಕಿತ್ತರೆ ಬಳ್ಳಿಯ ವಂಶವೇ ಅಳಿಯುತ್ತದೆ.

ಹಿತ್ತಲಿಗೆ ತನ್ನಿ

ಸಂರಕ್ಷಿತ ಅರಣ್ಯದಲ್ಲಿ ಅಗೆಯುವುದು ಕಾನೂನಿಗೆ ವಿರುದ್ಧ. ಸ್ವಂತ ಹಕ್ಕಲಿನಲ್ಲಿ ಗುರುತಿಸಿದ ಐದೆಲೆಯ ಬಳ್ಳಿಯ ಕಂಕುಳ ಗೆಡ್ಡೆಗಳನ್ನು ಕೂಡಿಟ್ಟು, ಮಳೆ ಹಿಡಿಯುವ ಮೊದಲು ಹಿತ್ತಲಿನ ಮರದ ಬುಡದಲ್ಲಿ ಗೊಬ್ಬರ ಬೆರೆಸಿದ ಗುಂಡಿಗಳಲ್ಲಿ ನೆಡಬಹುದು. ನೀರು ನಿಲ್ಲುವ ಜಾಗ ಆಗದು.

ಗೆಣಸು ತಿಂದ ಬಳಿಕ ಗಂಟಲುರಿ, ವಾಂತಿ, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ, ಉಳಿದ ಗೆಡ್ಡೆಯ ತುಂಡಿನೊಂದಿಗೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.