ಹಕ್ಕಿಯ ಪೆಟ್ಟಿಗೆಗೆ ಹಸೆ ಚಿತ್ತಾರ

ಹಕ್ಕಿ ಗೂಡು ಕಟ್ಟಲೆಂದು ಮಾಡಿದ ಬೋಳು ಮರದ ಪೆಟ್ಟಿಗೆಗಳು ಈಗ ಪೇಟೆಯ ಅಂಗಡಿಗಳಲ್ಲಿ ಸಿಗುತ್ತವೆ. ಜೊತೆಗೆ ಬಣ್ಣ, ಮಣಿ, ಮಿನುಗುಪುಡಿ, ರಿಬ್ಬನ್ನುಗಳೂ ಉಂಟು. ಮಕ್ಕಳು ರಜೆಯಲ್ಲಿ ಎಲ್ಲವನ್ನೂ ಅಂಟಿಸಿ ಅಂಗಳದ ಮಾವಿನ ಮರಕ್ಕೆ ತೂಗುಹಾಕುತ್ತಾರೆ. ನೋಡಲು ಚೆಂದವೇ. ಆದರೆ ಸಡಿಲವಾದ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಉದುರಿದ ಮಣಿಯನ್ನು ಕಾಳೆಂದು ನುಂಗುವುದೂ ಉಂಟು.

ತೋಟದವರಾದ ನಮಗೆ ಇದು ಬರಿಯ ಮಕ್ಕಳಾಟವಲ್ಲ. ಚೇಕಡಿ ಹಕ್ಕಿ, ಮಡಿವಾಳ ಹಕ್ಕಿ ಮೊದಲಾದವು ಪೊಟರೆಯಲ್ಲಿ ಮೊಟ್ಟೆ ಇಡುವಂಥವು. ಪೊಟರೆ ಇರುವುದು ಮುದಿ ಮರದಲ್ಲಿ. ಕಾಡುಮರದ ನೆರಳು ತೆಗೆದು ನಾವು ಸಾಲಾಗಿ ಸಿಲ್ವರ್ ಓಕ್ ನೆಟ್ಟ ಕಡೆಯಲ್ಲೆಲ್ಲ ಈ ಹಕ್ಕಿಗಳಿಗೆ ಮನೆ ಕಡಿಮೆಯಾಗಿದೆ. ಚೇಕಡಿ ತನ್ನ ಮರಿಗಳಿಗೆ ಹೆಚ್ಚಾಗಿ ಉಣಿಸುವುದು ಕಂಬಳಿಹುಳುವಿನ ಜಾತಿಯನ್ನೇ. ಅಂಥ ಒಕ್ಕಲನ್ನು ತೋಟದಲ್ಲಿ ಉಳಿಸಿಕೊಳ್ಳುವುದು ಲಾಭದ ಮಾತಲ್ಲವೇ?

ಅಲಂಕಾರಕ್ಕೆ ಮೊದಲು ಪೆಟ್ಟಿಗೆಯನ್ನು ನೋಡಬೇಕು. ಕಂಡಿ ಚೇಕಡಿಗೆ 2.8 ಸೆಂಟಿಮೀಟರ್, ಗುಬ್ಬಚ್ಚಿಗೆ 3.2 ಇದ್ದರೆ ಸಾಕು. ಮಡಿವಾಳ ಹಕ್ಕಿಗೆ 5ಕ್ಕಿಂತ ಕಡಿಮೆ ಬೇಡ. ಕಂಡಿಯ ಕೆಳಗೆ ಕೂರಲೆಂದು ಒಂದು ಕಡ್ಡಿ ಸಿಕ್ಕಿಸುವುದು ಅಂಗಡಿಯವರ ಚಟ. ಅದನ್ನು ಕಿತ್ತುಹಾಕಿ. ಹಕ್ಕಿಗೆ ಅದು ಬೇಕಿಲ್ಲ, ಕಾಗೆಗೆ ಮಾತ್ರ ಅನುಕೂಲ. ತಳಕ್ಕೆ ನಾಲ್ಕು ಸಣ್ಣ ತೂತು ಕೊರೆದರೆ ಒಳಗೆ ನೀರು ನಿಲ್ಲದು. ಒಳಮೈಯನ್ನು ನುಣುಪು ಮಾಡದೆ, ಬಣ್ಣ ಬಳಿಯದೆ ಒರಟಾಗಿಯೇ ಬಿಡಬೇಕು. ಮರಿಗಳು ಉಗುರೂರಿ ಹತ್ತುವುದು ಅದರ ಮೇಲೆಯೇ.

ಇನ್ನು ಹೊರಮೈ. ಅಟ್ಟದ ಮೇಲಿನ ಹಳೆಯ ಎಣ್ಣೆಬಣ್ಣದ ಡಬ್ಬಿಯನ್ನು ದಯವಿಟ್ಟು ಇಳಿಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಕೊಳೆರೋಗಕ್ಕೆ ತಂದ ಮೈಲುತುತ್ತ ಉಳಿದಿದೆಯೆಂದು, ನೀಲಿ ಬಣ್ಣ ಚೆನ್ನಾಗಿದೆಯೆಂದು ಅದನ್ನು ಬಳಿಯುವ ಯೋಚನೆಯೂ ಬೇಡ.

ನಮ್ಮ ಕೈಯಳತೆಯಲ್ಲೇ ಬೇರೆ ಸಾಮಗ್ರಿ ಇದೆ. ಸಾಗರ, ಸೊರಬದ ಕಡೆ ದೀವರ ಮನೆಯ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡದವರಾರು? ಕೆಮ್ಮಣ್ಣು ಸಾರಿಸಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದು. ವಿಷವಿಲ್ಲ, ಅಂಟಿನ ಘಾಟಿಲ್ಲ, ಉದುರಿದರೂ ಮಣ್ಣಿಗೆ ಮಣ್ಣು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಮನೆಗಳಲ್ಲಿ ಬಣ್ಣ ಹೇಗೂ ಸಿದ್ಧವಾಗಿರುತ್ತದೆ. ಅಂದೇ ಪೆಟ್ಟಿಗೆಗೂ ಒಂದು ಕೈ ಆಗಲಿ. ಮೊದಲು ತೆಳ್ಳಗೆ ಕೆಮ್ಮಣ್ಣು ಬಳಿದು ಒಂದು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಗೆರೆ ಎಳೆಯಬೇಕು. ಚಿತ್ತಾರದ ಚೆಲುವಿರುವುದು ನೇರ ಗೆರೆಯಲ್ಲಿ, ತ್ರಿಕೋನದಲ್ಲಿ. ಹಲಗೆಯ ಚೌಕಕ್ಕೆ ಅದು ಹೇಳಿ ಮಾಡಿಸಿದಂತಿದೆ. ಹುಡುಗರ ಕೈಗೆ ಕುಂಚ ಕೊಟ್ಟು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿ. ಹಿರಿಯರೇ ಹೇಳಿಕೊಡಬೇಕಾದ ವಿದ್ಯೆ ಇದು.

ಒಂದು ತೊಡಕಿದೆ. ಈ ಬಣ್ಣ ನಮ್ಮ ಮಳೆಗೆ ನಿಲ್ಲದು. ಆದ್ದರಿಂದ ಚಿತ್ತಾರದ ಪೆಟ್ಟಿಗೆಯನ್ನು ಸೂರಿನ ಕೆಳಗೆ, ಕೊಟ್ಟಿಗೆಯ ಗೋಡೆಗೆ, ಬೆಕ್ಕು ಹತ್ತದ ಎತ್ತರದಲ್ಲಿ ಭದ್ರವಾಗಿ ಮೊಳೆ ಹೊಡೆದು ಕೂರಿಸಿ. ತೋಟದೊಳಗೆ ಮರಕ್ಕೆ ಕಟ್ಟುವುದಕ್ಕೆ ಚಿತ್ತಾರ ಬೇಡ. ಮಾಡಿಗೆ ಅಡಿಕೆ ಹಾಳೆ ಹೊದಿಸಿ, ಬದಿಗೆ ಮರದ ತೊಗಟೆಯ ಚೂರುಗಳನ್ನು ಸಣ್ಣ ಮೊಳೆಯಿಂದ ಬಡಿದರೆ ಅದೇ ಶೃಂಗಾರ. ಬಿಸಿಲು ಬೀಳುವ ಜಾಗವಾದರೆ ಕಾಫಿ ಕಾಂಡಕ್ಕೆ ಬಳಿದು ಉಳಿದ ಸುಣ್ಣವನ್ನು ಮಾಡಿನ ಮೇಲೆ ಬಳಿದು ಚೆನ್ನಾಗಿ ಒಣಗಲು ಬಿಡಿ, ಒಳಗೆ ಕಾವು ಕಡಿಮೆಯಾಗುತ್ತದೆ. ಗಾಢ ಬಣ್ಣದ ಮಾಡು ಬೇಸಗೆಯಲ್ಲಿ ಮರಿಗಳನ್ನು ಬೇಯಿಸುತ್ತದೆ.

ಸಂಕ್ರಾಂತಿಯೊಳಗೆ ಪೆಟ್ಟಿಗೆ ಅದರ ಜಾಗದಲ್ಲಿರಲಿ. ಚೇಕಡಿ ಫೆಬ್ರವರಿಗೇ ಜಾಗ ಹುಡುಕತೊಡಗುತ್ತದೆ. ಹಕ್ಕಿ ಹೊಕ್ಕ ಮೇಲೆ ಮುಚ್ಚಳ ತೆಗೆದು ಇಣುಕುವುದು, ಗೆರೆ ತಿದ್ದುವುದು ಯಾವುದೂ ಬೇಡ. ಮರಿಗಳೆಲ್ಲ ಹಾರಿಹೋದ ಮೇಲೆ ಹಳೆಯ ಹುಲ್ಲು, ನಾರು ತೆಗೆದು ಬಿಸಿನೀರು ಹೊಯ್ದು ಒಣಗಿಸಿಟ್ಟರೆ, ಮುಂದಿನ ಭೂಮಿ ಹುಣ್ಣಿಮೆಗೆ ಹೊಸ ಚಿತ್ತಾರ ಬರೆಯಲು ಪೆಟ್ಟಿಗೆ ಸಿದ್ಧ.