ಕೂಪೆ, ಕ್ಯಾಬಿನ್ ಮತ್ತು ಉಕ್ಕಿನ ಕವಚ

ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಭಾರತದ ಮೊದಲ ದರ್ಜೆಯ ರೈಲು ಬೋಗಿ ಎಂದರೆ ಸಾಮಾನ್ಯವಾಗಿ ಒಂದರ ಪಕ್ಕಕ್ಕೊಂದು ಜೋಡಿಸಿಟ್ಟ, ತಮ್ಮತಮ್ಮೊಳಗೆ ಸಂಪರ್ಕವೇ ಇಲ್ಲದ ಕೆಲವು ಕೋಣೆಗಳು. ಪ್ರತಿ ಕೋಣೆಗೂ ನೇರವಾಗಿ ಪ್ಲಾಟ್‌ಫಾರ್ಮಿಗೆ ತೆರೆದುಕೊಳ್ಳುವ ಬಾಗಿಲು, ಮೆತ್ತೆ ಹಾಕಿದ ಬರ್ತುಗಳು, ಸೂರಿಗೆ ಫ್ಯಾನು, ಒಳಗೇ ಬಚ್ಚಲು. ಕಿಟಕಿಗೆ ಬಿಸಿಲು ತಡೆಯುವ ಪಟ್ಟಿ ಬಾಗಿಲು, ಗಾಜು ಮತ್ತು ಸೊಳ್ಳೆ ತಡೆಯುವ ಜಾಲರಿ. ಅನೇಕ ಬೋಗಿಗಳಲ್ಲಿ ಪ್ರಯಾಣಿಕರ ಸೇವಕರಿಗೆಂದೇ ಪಕ್ಕದಲ್ಲಿ ಇಕ್ಕಟ್ಟಾದ ಇನ್ನೊಂದು ಕೋಣೆ ಇರುತ್ತಿತ್ತು.

ಈ ವಿನ್ಯಾಸ ಬಂದದ್ದು ಇಂಗ್ಲೆಂಡಿನಿಂದ. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಆರಂಭವಾದಾಗ ಅಲ್ಲಿನ ಕುಶಲಕರ್ಮಿಗಳಿಗೆ ಗೊತ್ತಿದ್ದ ಒಳ್ಳೆಯ ವಾಹನವೆಂದರೆ ಕುದುರೆ ಸಾರೋಟು. ಅಂಥ ಸಾರೋಟುಗಳ ಮೈಯನ್ನೇ ಸಾಲಾಗಿ ಒಂದು ಚೌಕಟ್ಟಿನ ಮೇಲೆ ಕೂರಿಸಿ ಮೊದಲ ದರ್ಜೆಯ ಗಾಡಿ ಮಾಡಿದರು. ಕುದುರೆ ಹೋದರೂ ಕೋಣೆ ಉಳಿಯಿತು.

ಆ ಏಕಾಂತಕ್ಕೆ ಬೆಲೆಯೂ ಇತ್ತು. ಓಡುವ ಗಾಡಿಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ಊಟದ ಬೋಗಿಗೆ ಹೋಗಬೇಕಾದರೂ ನಿಲ್ದಾಣ ಬರಬೇಕಿತ್ತು. ಒಳಗೆ ಅಪಾಯವಾದರೆ ಕೇಳುವವರಿಲ್ಲ. 1864ರಲ್ಲಿ ಲಂಡನ್ನಿನ ಸ್ಥಳೀಯ ರೈಲಿನ ಮೊದಲ ದರ್ಜೆಯ ಕೋಣೆಯೊಂದರಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ಅಧಿಕಾರಿಯನ್ನು ಹೊಡೆದು ಹಳಿಯ ಬದಿಗೆ ಎಸೆಯಲಾಯಿತು; ಅವರು ಬದುಕಲಿಲ್ಲ. ಬ್ರಿಟನ್ನಿನಲ್ಲಿ ರೈಲಿನೊಳಗೆ ನಡೆದ ಮೊದಲ ಕೊಲೆ ಎಂದು ದಾಖಲಾದ ಈ ಘಟನೆ ದೊಡ್ಡ ಗದ್ದಲ ಎಬ್ಬಿಸಿತು. 1868ರ ಕಾಯಿದೆಯು ದೂರದ ಗಾಡಿಗಳಲ್ಲಿ ಪ್ರಯಾಣಿಕರು ಸಿಬ್ಬಂದಿಗೆ ಸುದ್ದಿ ಮುಟ್ಟಿಸುವ ಸಾಧನವನ್ನು ಕಡ್ಡಾಯ ಮಾಡಿತು. ಮುಂದೆ ಎಲ್ಲ ದರ್ಜೆಗಳಿಗೂ ಬಂದ ಅಪಾಯದ ಸರಪಳಿಯ ಮೂಲ ಇಲ್ಲಿದೆ.

ನಿರ್ವಾತ ಬ್ರೇಕಿನ ಕಾಲದಲ್ಲಿ ಆ ಸರಪಳಿ ಕೆಲಸ ಮಾಡುತ್ತಿದ್ದ ರೀತಿ ಸರಳ, ಜಾಣ. ಗಾಡಿಯ ಉದ್ದಕ್ಕೂ ಹಾದುಹೋದ ಕೊಳವೆಯಿಂದ ಎಂಜಿನ್ ಗಾಳಿಯನ್ನು ಹೀರಿ ಹೊರಹಾಕುತ್ತಿರುತ್ತದೆ. ನಿರ್ವಾತ ಇರುವವರೆಗೆ ಬ್ರೇಕು ಗಾಲಿಯನ್ನು ಮುಟ್ಟುವುದಿಲ್ಲ. ಸರಪಳಿ ಎಳೆದರೆ ಬೋಗಿಯ ತುದಿಯಲ್ಲಿ ಒಂದು ಕವಾಟ ತೆರೆದು ಕೊಳವೆಗೆ ಹೊರಗಿನ ಗಾಳಿ ನುಗ್ಗುತ್ತದೆ. ವಾತಾವರಣದ ಒತ್ತಡವೇ ಬ್ರೇಕು ಹಾಕುತ್ತದೆ. ಬೋಗಿಯ ಹೊರಗೆ ಪುಟ್ಟ ತಟ್ಟೆಯೊಂದು ತಿರುಗಿ ನಿಲ್ಲುವುದರಿಂದ ಎಲ್ಲಿ ಎಳೆದರೆಂದು ಗಾರ್ಡಿಗೆ ತಿಳಿಯುತ್ತಿತ್ತು.

ಫ್ಯಾನು, ದೀಪಗಳಿಗೆ ವಿದ್ಯುತ್ತು ಹುಟ್ಟುತ್ತಿದ್ದುದು ಬೋಗಿಯ ಅಡಿಯಲ್ಲೇ. ಗಾಲಿಯ ಅಚ್ಚಿಗೆ ಪಟ್ಟಿ ಹಾಕಿ ಡೈನಮೋ ತಿರುಗಿಸುತ್ತಿದ್ದರು. ಗಾಡಿ ವೇಗವಾಗಿ ಓಡುವಾಗ ಡೈನಮೋ ದೀಪವನ್ನೂ ಉರಿಸಿ ಬ್ಯಾಟರಿಯನ್ನೂ ತುಂಬುತ್ತಿತ್ತು. ನಿಂತಾಗ ಹೊರೆಯೆಲ್ಲ ಬ್ಯಾಟರಿಯ ಮೇಲೆ. ಬ್ಯಾಟರಿ ಹಳೆಯದಾಗಿದ್ದರೆ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತ ಗಾಡಿಯ ದೀಪ ಮಂಕಾಗುತ್ತಿದ್ದುದು ಇದರಿಂದಲೇ.

ಹಳೆಯ ಬೋಗಿಗಳ ನಿಜವಾದ ದೌರ್ಬಲ್ಯ ಇದ್ದದ್ದು ಗೋಡೆಯಲ್ಲಿ. ತಳದಲ್ಲಿ ಉಕ್ಕಿನ ಚೌಕಟ್ಟು, ಮೇಲೆ ಬಹುತೇಕ ಮರದ ಮೈ. ಡಿಕ್ಕಿಯಾದರೆ ಒಂದು ಬೋಗಿಯ ಚೌಕಟ್ಟು ಮುಂದಿನದರ ಮೇಲೇರಿ ಮರದ ಮೈಯನ್ನು ಸೀಳಿಕೊಂಡು ಒಳನುಗ್ಗುತ್ತಿತ್ತು. ಮೆತ್ತೆ ಎಷ್ಟೇ ದಪ್ಪವಿರಲಿ, ಇದರ ಮುಂದೆ ಮೊದಲ ದರ್ಜೆಯ ಪ್ರಯಾಣಿಕರೂ ಅಸಹಾಯಕರು.

ಪರಿಹಾರ ಬಂದದ್ದು 1950ರ ದಶಕದಲ್ಲಿ. ಮದ್ರಾಸಿನ ಪೆರಂಬೂರಿನಲ್ಲಿ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯ ತಾಂತ್ರಿಕ ನೆರವಿನಿಂದ ಕಟ್ಟಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಜವಾಹರಲಾಲ್ ನೆಹರೂ 1955ರ ಅಕ್ಟೋಬರ್ 2ರಂದು ಉದ್ಘಾಟಿಸಿದರು. ಇಲ್ಲಿನ ಬೋಗಿಯಲ್ಲಿ ನೆಲ, ಪಕ್ಕ, ಸೂರು ಎಲ್ಲವೂ ಬೆಸೆದ ಒಂದೇ ಉಕ್ಕಿನ ಕವಚ. ಟೊಳ್ಳಾದ ಬಿದಿರು ಬಾಗದೆ ಭಾರ ಹೊರುವಂತೆ ಇಡೀ ಮೈಯೇ ಹೊರೆ ಹೊರುತ್ತದೆ. ಡಿಕ್ಕಿಯಾದಾಗ ತುದಿಗಳು ಮೊದಲು ನಜ್ಜಾಗಿ ಪೆಟ್ಟನ್ನು ನುಂಗಬೇಕು, ಜನರಿರುವ ನಡುಭಾಗ ಉಳಿಯಬೇಕು ಎಂಬುದು ವಿನ್ಯಾಸದ ಲೆಕ್ಕ. ಗಾಲಿಗಳ ಚೌಕಟ್ಟಿನಲ್ಲಿ ಸುರುಳಿ ಸ್ಪ್ರಿಂಗುಗಳು, ಅವುಗಳ ಕುಲುಕಾಟ ತಗ್ಗಿಸಲು ಎಣ್ಣೆ ತುಂಬಿದ ಡ್ಯಾಶ್‌ಪಾಟುಗಳು. ಬ್ರಾಡ್‌ಗೇಜಿನ ಈ ಕವಚದ ಉದ್ದ ಸುಮಾರು 21.3 ಮೀಟರ್, ಅಗಲ ಸುಮಾರು 3.2 ಮೀಟರ್.

ಮೊದಲ ದರ್ಜೆಯ ಬೋಗಿಯಲ್ಲಿ ಈ ಅಗಲದ ಒಂದು ಬದಿಯನ್ನು ಓಣಿಗೆ ಬಿಟ್ಟು, ಉಳಿದದ್ದರಲ್ಲಿ ಜಾರುಬಾಗಿಲಿನ ಕೋಣೆಗಳನ್ನು ಮಾಡಿದರು. ನಾಲ್ಕು ಬರ್ತಿನದು ಕ್ಯಾಬಿನ್, ಎರಡು ಬರ್ತಿನದು ಕೂಪೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಓಣಿಯಲ್ಲಿ ಸಿಬ್ಬಂದಿ ಓಡಾಡಬಹುದು. ಶೌಚಾಲಯಗಳು ಬೋಗಿಯ ತುದಿಗಳಿಗೆ ಸರಿದವು. ಏಕಾಂತ ಉಳಿದು, ಒಂಟಿತನದ ಅಪಾಯ ಹೋಯಿತು. ಹಳೆಯ ವಿನ್ಯಾಸಕ್ಕಿಂತ ಇದು ಎಲ್ಲ ರೀತಿಯಲ್ಲೂ ವಿವೇಕದ್ದು. ದರ್ಜೆಗಳ ಲೆಕ್ಕವೂ ಅದೇ ಕಾಲಕ್ಕೆ ಬದಲಾಯಿತು: 1955ರಲ್ಲಿ ಹಳೆಯ ಮೊದಲ ದರ್ಜೆಯನ್ನು ತೆಗೆದು, ಎರಡನೆಯದನ್ನು ಮೊದಲನೆಯದು, ಎರಡನೆಯ ಮತ್ತು ಮೂರನೆಯ ದರ್ಜೆಗಳ ನಡುವಿದ್ದ ಇಂಟರ್ ದರ್ಜೆಯನ್ನು ಎರಡನೆಯದು ಎಂದು ಕರೆಯಲಾಯಿತು. ಮೂರನೇ ದರ್ಜೆ ರದ್ದಾದದ್ದು 1974ರಲ್ಲಿ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೈಲು ಬೋಗಿಗಳನ್ನೂ ಕಟ್ಟತೊಡಗಿತು. ವಿಮಾನದ ಮೈ ಕಟ್ಟುತ್ತಿದ್ದ ಕೈಗಳಿಗೆ ಲೋಹದ ಹಾಳೆಯ ಕೆಲಸ ಹೊಸದಾಗಿರಲಿಲ್ಲ. 1960ರ ದಶಕದಲ್ಲಿ ಆ ವಿಭಾಗ ಸರ್ಕಾರಿ ಕಂಪನಿಯಾದ ಬಿಇಎಂಎಲ್‌ಗೆ ಸೇರಿತು.

ಪೆರಂಬೂರಿನಲ್ಲಿ ಮೊದಮೊದಲು ತಯಾರಾಗುತ್ತಿದ್ದುದು ಬರಿಯ ಕವಚ. ಒಳಾಂಗಣ ಸಜ್ಜುಗೊಳಿಸುವ ವಿಭಾಗ ಅಲ್ಲಿ ಶುರುವಾದದ್ದು 1962ರಲ್ಲಿ. ಅದೇ ಕವಚದಲ್ಲಿ ಸಾಮಾನ್ಯ ದರ್ಜೆಯ ಆಸನ ಹಾಕಿದರೆ ಸುಮಾರು 90 ಮಂದಿ, ಕ್ಯಾಬಿನ್ ಕೂಪೆ ಮಾಡಿದರೆ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಒಬ್ಬೊಬ್ಬ ಪ್ರಯಾಣಿಕರ ಪಾಲಿಗೆ ಬರುವ ಉಕ್ಕಿನ ತೂಕ ಮೂರು ಪಟ್ಟಿಗೂ ಮೀರುವುದರಿಂದ ಮೊದಲ ದರ್ಜೆಯ ಟಿಕೆಟ್ಟು ದುಬಾರಿಯಾಗಿಯೇ ಇರಬೇಕಾಗಿತ್ತು. ಆದರೆ ಗೋಡೆಯ ಗಟ್ಟಿತನದಲ್ಲಿ, ಸ್ಪ್ರಿಂಗಿನ ಮೃದುತ್ವದಲ್ಲಿ ದರ್ಜೆಭೇದ ಉಳಿಯಲಿಲ್ಲ. ಆ ಕಾಲದ ಎಂಜಿನಿಯರುಗಳ ಕೆಲಸದಲ್ಲಿ ಮೆಚ್ಚಬೇಕಾದ ಭಾಗ ಇದೇ.

ಹವಾನಿಯಂತ್ರಿತ ದರ್ಜೆಗಳು ಹೆಚ್ಚಿದಂತೆ ಫ್ಯಾನಿನ ಮೊದಲ ದರ್ಜೆ ಕ್ರಮೇಣ ಮರೆಯಾಯಿತು. ಪೆರಂಬೂರಿನ ಕಾರ್ಖಾನೆ ಶ್ಲೀರೆನ್ ನೆರವಿನಿಂದ ಬಂದ ವಿನ್ಯಾಸದ ಕೊನೆಯ ಬೋಗಿಯನ್ನು ಹೊರಗೆ ಕಳಿಸಿದ್ದು 2018ರ ಜನವರಿಯಲ್ಲಿ. ಕ್ಯಾಬಿನ್ ಮತ್ತು ಕೂಪೆಗಳು ಎಸಿ ಮೊದಲ ದರ್ಜೆಯಲ್ಲಿ ಇಂದಿಗೂ ಬಳಕೆಯಲ್ಲಿವೆ.